ಮಾರುವ ಮುನ್ನ ಬಣ್ಣ

ಬಳಸಿದ ಜೆಟ್ ಸ್ಕೀಯನ್ನು ಮಾರಲು ಹೊರಟವರನ್ನು ಎಂಜಿನ್ನಿಗಿಂತ ಮೊದಲು ಕಾಡುವುದು ಅದರ ಬಣ್ಣ. ನಾಲ್ಕೈದು ಬೇಸಿಗೆಯ ಬಿಸಿಲಿಗೆ ಕೆಂಪು ಹೋಗಿ ಪೇಲವ ಗುಲಾಬಿಯಾಗಿರುತ್ತದೆ, ಮರಳ ದಂಡೆಗೆ ಎಳೆದೆಳೆದು ತಳದ ತುಂಬ ಗೀರು ಬಿದ್ದಿರುತ್ತದೆ, ಸ್ಟಿಕರುಗಳ ಅಂಚು ಎದ್ದಿರುತ್ತದೆ. ಒಂದು ಸಲ ಪೂರ್ತಿ ಪೇಂಟ್ ಹೊಡೆಸಿಬಿಟ್ಟರೆ ಒಳ್ಳೆಯ ಬೆಲೆ ಬಂದೀತು ಎಂಬ ಆಸೆ ಸಹಜವೇ. ಆದರೆ ಬಹುಪಾಲು ಸಂದರ್ಭಗಳಲ್ಲಿ ಅದು ತಪ್ಪು ಲೆಕ್ಕ. ಕೈಯಿಂದ ಹೋಗುವ ಹಣದ ಮಟ್ಟಿಗೂ ತಪ್ಪು, ಕೊಳ್ಳುವವರ ಮನಸ್ಸನ್ನು ಅಂದಾಜು ಮಾಡುವುದರಲ್ಲೂ ತಪ್ಪು.

ಈ ಪ್ರಶ್ನೆ ನಿಜವಾಗಿ ಏಳುವುದು ಉತ್ತರ ಅಮೆರಿಕದಲ್ಲಿ. ಕೆನಡಾದ ಬೊಂಬಾರ್ಡಿಯರ್ ಕಂಪನಿ 1968ರಲ್ಲಿ ಸೀ-ಡೂ ಎಂಬ ಜಲವಾಹನವನ್ನು ಮಾರುಕಟ್ಟೆಗೆ ತಂದಿತು. ಎಪ್ಪತ್ತರ ದಶಕದಲ್ಲಿ ಜಪಾನಿನ ಕವಾಸಾಕಿ, ನಿಂತು ಓಡಿಸುವ ತನ್ನ ಜೆಟ್ ಸ್ಕೀಯನ್ನು ಅಮೆರಿಕದಲ್ಲಿ ಮಾರತೊಡಗಿತು. ಆ ಬ್ರ್ಯಾಂಡ್ ಹೆಸರೇ ಈಗ ಎಲ್ಲ ಕಂಪನಿಗಳ ವಾಹನಕ್ಕೂ ಅಂಟಿಕೊಂಡಿದೆ. ಮಲ್ಪೆ, ಮುರುಡೇಶ್ವರದ ಕಡಲತೀರಗಳಲ್ಲಿ ಜೆಟ್ ಸ್ಕೀ ಕಂಡವರಿಗೆ ಅದು ದುಡ್ಡು ಕೊಟ್ಟು ಹತ್ತಿಳಿಯುವ ಸವಾರಿ. ಅಮೆರಿಕದ ಕೆರೆ ಸರೋವರಗಳ ಸುತ್ತ ಮಾತ್ರ ಅದು ಮನೆಮನೆಯ ಸೊತ್ತು. ಕಾರಿನ ಹಿಂದೆ ಟ್ರೇಲರ್ ಕಟ್ಟಿ ಒಯ್ಯುತ್ತಾರೆ, ಕೆಲವು ವರ್ಷ ಓಡಿಸುತ್ತಾರೆ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಮಾರುತ್ತಾರೆ.

ಬಣ್ಣದ ಮಾತಿಗೆ ಮೊದಲು ವಾಹನದ ಒಡಲು ಯಾವುದರಿಂದ ಆಗಿದೆ ಎಂದು ನೋಡಬೇಕು, ಏಕೆಂದರೆ ಎಲ್ಲಕ್ಕೂ ಒಂದೇ ಉತ್ತರವಿಲ್ಲ. ಫೈಬರ್ ಗ್ಲಾಸಿನ ಒಡಲಿನ ಮೇಲೆ ಹಲವು ಮಾದರಿಗಳಲ್ಲಿ ಜೆಲ್‌ಕೋಟ್ ಎಂಬ ರಾಳದ ಪದರ ಇರುತ್ತದೆ. ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಬಣ್ಣ ಆ ಪದರದ ಒಳಗೇ ಬೆರೆತಿರುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಅದರ ಮೇಲ್ಮೈಯನ್ನಷ್ಟೇ ಕೊರೆಯುತ್ತದೆ. ಬೆರಳಿನಿಂದ ಒರೆಸಿದರೆ ಸುಣ್ಣದಂಥ ಪುಡಿ ಅಂಟುತ್ತದೆ, ಅದರ ಕೆಳಗೆ ಮೂಲ ಬಣ್ಣ ಹಾಗೇ ಇರುತ್ತದೆ. ನುಣುಪು ಎಮರಿ ಕಾಗದದಿಂದ ನೀರು ಹಾಕಿ ತಿಕ್ಕಿ, ಪಾಲಿಶ್ ಕಾಂಪೌಂಡ್ ಹಚ್ಚಿ ಉಜ್ಜಿ, ಮೇಲೆ ವ್ಯಾಕ್ಸ್ ಸವರಿದರೆ ಅರ್ಧ ದಿನದಲ್ಲಿ ಹೊಳಪು ಮರಳುತ್ತದೆ. ಹೀಗೆ ಕಳೆಗುಂದಿದ್ದಕ್ಕೆ ಪೇಂಟ್ ಬಳಿಯುವುದೆಂದರೆ ಕೆಳಗಿರುವ ಒಳ್ಳೆಯ ಪದರವನ್ನು ಅದಕ್ಕಿಂತ ತೆಳುವಾದ, ಅದಕ್ಕಿಂತ ಬೇಗ ಹೋಗುವ ಪದರದಿಂದ ಮುಚ್ಚಿದಂತೆ.

ಎರಡನೆಯ ಬಗೆ, ಅಚ್ಚಿನಲ್ಲಿ ಒತ್ತಿ ತೆಗೆದು ಕಾರ್ಖಾನೆಯಲ್ಲೇ ಪೇಂಟ್ ಮಾಡಿದ ಒಡಲು. ಇಲ್ಲಿ ಬಣ್ಣ ಎದ್ದರೆ ಒಳಗಿನ ಬೂದು ವಸ್ತು ಕಾಣಿಸುತ್ತದೆ, ಅದನ್ನು ಪಾಲಿಶ್ ಸರಿಪಡಿಸದು. ಮೂರನೆಯದು ಪ್ಲಾಸ್ಟಿಕ್ ಬಗೆ. ಸೀ-ಡೂ ಬ್ರ್ಯಾಂಡಿನ 2014ರ ಸ್ಪಾರ್ಕ್ ಮಾದರಿ ಗಾಜಿನ ಎಳೆ ಬೆರೆಸಿದ ಪಾಲಿಪ್ರೊಪಿಲೀನ್‌ನಿಂದ ತಯಾರಾಯಿತು. ಪಾಲಿಪ್ರೊಪಿಲೀನ್‌ಗೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ವಿಶೇಷ ಅಂಟುಪದರ ಹಾಕದೆ ಹೊಡೆದ ಪೇಂಟ್ ಉಗುರಿಗೇ ಎದ್ದು ಬರುತ್ತದೆ. ಇಂಥದಕ್ಕೆ ಬಣ್ಣ ಹೊಡೆಸುವ ಯೋಚನೆಯನ್ನೇ ಬಿಡುವುದು ಲೇಸು.

ಬಣ್ಣ ಹೊಡೆಯುವುದು ಎಂಬ ಮಾತು ಕೇಳಲು ಎಷ್ಟು ಚಿಕ್ಕದೋ ಕೆಲಸ ಅಷ್ಟು ದೊಡ್ಡದು. ಸೀಟು, ಕನ್ನಡಿ, ಸುತ್ತಲಿನ ರಬ್ಬರ್ ಬಂಪರ್, ಪಕ್ಕದ ರೆಕ್ಕೆಗಳು ಎಲ್ಲ ಬಿಚ್ಚಬೇಕು. ಬಿಸಿಗಾಳಿ ಹಾಯಿಸಿ ಸ್ಟಿಕರ್ ಕೀಳಬೇಕು, ಉಳಿದ ಅಂಟನ್ನು ದ್ರಾವಕದಿಂದ ಒರೆಸಬೇಕು. ಹಿಂದಿನ ವರ್ಷಗಳ ವ್ಯಾಕ್ಸ್ ಒಂದು ತೊಟ್ಟು ಉಳಿದರೂ ಅಲ್ಲಿ ಪೇಂಟ್ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ. ಆಮೇಲೆ ಇಡೀ ಮೈ ಉಜ್ಜಿ, ಗೀರು ತುಂಬಿ, ಮತ್ತೆ ಉಜ್ಜಿ, ಇಪಾಕ್ಸಿ ಪ್ರೈಮರ್ ಕೊಟ್ಟು, ಕೊನೆಗೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಪೇಂಟ್. ಇದರ ಗಟ್ಟಿಕಾರಕದಲ್ಲಿರುವ ಐಸೊಸಯನೇಟ್ ಆವಿ ಉಸಿರಿಗೆ ಹೋದರೆ ಅಸ್ತಮಾ ಬರಬಹುದು, ಬಟ್ಟೆಯ ಮುಖವಾಡ ಅದನ್ನು ತಡೆಯದು. ಇಷ್ಟೆಲ್ಲ ಬೇಡವೆಂದು ಅಂಗಡಿಯ ಸ್ಪ್ರೇ ಡಬ್ಬಿಯಲ್ಲಿ ಮುಗಿಸಿದ ಕೆಲಸ ಟ್ರೇಲರಿನ ಹಲಗೆ ಉಜ್ಜುವ ಜಾಗದಲ್ಲಿ ಮೊದಲ ಬೇಸಿಗೆಯಲ್ಲೇ ಸಿಪ್ಪೆ ಏಳುತ್ತದೆ. ದೋಣಿಯ ಮೇಲ್ಭಾಗಕ್ಕೆಂದು ಮಾರುವ ಪೇಂಟನ್ನು ತಳಕ್ಕೆ ಬಳಿದು ವಾರಗಟ್ಟಲೆ ನೀರಿನಲ್ಲಿ ಬಿಟ್ಟರೆ ಗುಳ್ಳೆ ಬರುತ್ತದೆ.

ಇನ್ನು ದುಡ್ಡಿನ ಮಾತು. ಹಳೆಯ ಜೆಟ್ ಸ್ಕೀಯೊಂದಕ್ಕೆ ಈಗಿರುವ ಸ್ಥಿತಿಯಲ್ಲಿ 4,000 ಡಾಲರ್ ಬರುತ್ತದೆ ಎಂದಿಟ್ಟುಕೊಳ್ಳೋಣ. ಮೇಲೆ ಹೇಳಿದ ಕ್ರಮದಲ್ಲಿ ಗ್ಯಾರೇಜಿನವರು ಕೆಲಸ ಮಾಡಿದರೆ ಬಿಲ್ಲು ಸಾವಿರ ಡಾಲರ್ ದಾಟುವುದು ಕಷ್ಟವೇನಲ್ಲ. ಬಣ್ಣ ಹೊಸದೆಂಬ ಒಂದೇ ಕಾರಣಕ್ಕೆ ಯಾರೂ 5,000 ಕೊಡುವುದಿಲ್ಲ. ಬೆಲೆ ನಿಲ್ಲುವುದು ಕಂಪನಿ, ಮಾದರಿ, ತಯಾರಾದ ವರ್ಷ, ಎಂಜಿನ್ ಓಡಿದ ಗಂಟೆಗಳ ಮೇಲೆ. ಕಾಲದ ಲೆಕ್ಕವೂ ಇದೆ. ಉತ್ತರದ ರಾಜ್ಯಗಳಲ್ಲಿ ಗಿರಾಕಿಗಳು ಹುಡುಕಿಕೊಂಡು ಬರುವುದು ವಸಂತದಿಂದ ಬೇಸಿಗೆಯ ಮೊದಲ ಭಾಗದವರೆಗೆ. ಆ ವಾರಗಳನ್ನು ವಾಹನ ಪೇಂಟ್ ಶೆಡ್ಡಿನಲ್ಲಿ ಕಳೆದರೆ ಮುಂದೆ ಸಿಗುವುದು ಚೌಕಾಸಿ ಮಾಡುವವರು ಮಾತ್ರ.

ಹಣಕ್ಕಿಂತ ಗಟ್ಟಿಯಾದ ಕಾರಣ ಬೇರೆ ಇದೆ. ಬಳಸಿದ ವಸ್ತುವಿನ ಹುಳುಕು ಮಾರುವವರಿಗೆ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟು ಇದರ ಪರಿಣಾಮವನ್ನು ವಿವರಿಸಿದರು. ಒಳ್ಳೆಯದು ಯಾವುದು, ಕೆಟ್ಟದ್ದು ಯಾವುದು ಎಂದು ಬೇರ್ಪಡಿಸಲಾಗದ ಗಿರಾಕಿ ಎಲ್ಲವೂ ಸಾಧಾರಣ ಎಂದುಕೊಂಡು ಬೆಲೆ ಕಡಿಮೆ ಕೇಳುತ್ತಾನೆ, ಆ ಬೆಲೆಗೆ ಒಳ್ಳೆಯ ವಸ್ತುವಿನ ಒಡೆಯರು ಮಾರುಕಟ್ಟೆಯಿಂದಲೇ ಹಿಂದೆ ಸರಿಯುತ್ತಾರೆ. 2001ರಲ್ಲಿ ಅವರೊಂದಿಗೆ ನೊಬೆಲ್ ಹಂಚಿಕೊಂಡ ಮೈಕೆಲ್ ಸ್ಪೆನ್ಸ್ ಈ ಕಗ್ಗಂಟಿಗೆ ಒಂದು ದಾರಿ ತೋರಿಸಿದ್ದರು. ಗುಣವನ್ನು ಸಾರುವ ಗುರುತು ನಂಬಿಕೆ ಹುಟ್ಟಿಸಬೇಕಾದರೆ, ಗುಣವಿಲ್ಲದವರಿಗೆ ಅದನ್ನು ತೋರಿಸುವುದು ದುಬಾರಿಯಾಗಿರಬೇಕು.

ಹೊಸ ಬಣ್ಣ ಈ ಪರೀಕ್ಷೆಯಲ್ಲಿ ಸೋಲುತ್ತದೆ. ಕಟ್ಟೆಗೆ ಗುದ್ದಿ ಬಿರುಕು ಬಿಟ್ಟ ಜೆಟ್ ಸ್ಕೀಗೂ ಅದೇ ಖರ್ಚಿನಲ್ಲಿ ಅದೇ ಪೇಂಟ್ ಆಗುತ್ತದೆ. ಮುಚ್ಚಬೇಕಾದದ್ದು ಇರುವವರಿಗೇ ಅದರ ತುರ್ತು ಹೆಚ್ಚು. ಆದ್ದರಿಂದ ಮಿರಮಿರ ಮಿಂಚುವ ಹತ್ತು ವರ್ಷದ ಜೆಟ್ ಸ್ಕೀ ಕಂಡ ಅನುಭವಿ ಗಿರಾಕಿಗೆ ಹುಟ್ಟುವ ಮೊದಲ ಪ್ರಶ್ನೆ, ಇದರ ಕೆಳಗೇನಿದೆ ಎಂಬುದು. ಬಾಡಿಗೆಗೆ ಓಡಿದ್ದೋ, ಮುಳುಗಿ ಎದ್ದದ್ದೋ? ಮಾಸಿದ್ದರೂ ಮೂಲ ಬಣ್ಣವೇ ಇದ್ದರೆ ಆ ಪ್ರಶ್ನೆಗೆ ಅರ್ಧ ಉತ್ತರ ಕಣ್ಣೆದುರೇ ಇರುತ್ತದೆ. ಕರ್ನಾಟಕದ ಸೆಕೆಂಡ್ ಹ್ಯಾಂಡ್ ಕಾರು ಮಾರುಕಟ್ಟೆಯಲ್ಲೂ ಇದೇ ರೀತಿ. ನೋಡಲು ಬಂದವರು ಬಾಗಿಲು ತೆಗೆದು ರಬ್ಬರ್ ಬೀಡಿಂಗಿನ ಮೇಲೆ ಪೇಂಟಿನ ಹನಿ ಬಿದ್ದಿದೆಯೇ ಎಂದು ನೋಡುತ್ತಾರೆ, ಟಿಂಕರಿಂಗ್ ಆಗಿದೆಯಾ ಎಂದು ಕೇಳುತ್ತಾರೆ. ‘ಒರಿಜಿನಲ್ ಪೇಂಟ್’ ಎನ್ನುವುದನ್ನು ಮಾರುವವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಕಾನೂನಿನ ತೊಡಕೂ ಸ್ವಲ್ಪ ಇದೆ. ಅಮೆರಿಕದಲ್ಲಿ ಜೆಟ್ ಸ್ಕೀ ಸೇರಿದಂತೆ ದೋಣಿಗಳಿಗೆ ಹನ್ನೆರಡು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುತ್ತದೆ, ಕಾರಿನ ಛಾಸಿ ನಂಬರಿನಂತೆ. ಅದನ್ನು ಅನುಮತಿಯಿಲ್ಲದೆ ತೆಗೆಯುವಂತಿಲ್ಲ, ತಿದ್ದುವಂತಿಲ್ಲ. ಎಮರಿ ಕಾಗದ ಹಿಡಿದವರು ಅದರ ಮೇಲೆ ಕೈಯಾಡಿಸಿದರೆ ಕದ್ದ ಮಾಲು ಎಂಬ ಅನುಮಾನಕ್ಕೆ ದಾರಿಯಾಗುತ್ತದೆ. ಮುಂಭಾಗದ ನೋಂದಣಿ ಸಂಖ್ಯೆ ಕನಿಷ್ಠ ಮೂರು ಇಂಚು ಎತ್ತರವಿದ್ದು ಹಿನ್ನೆಲೆಯ ಬಣ್ಣದಿಂದ ಎದ್ದು ಕಾಣಬೇಕು. ಬಿಳಿಯ ಮೇಲಿನ ಕಪ್ಪು ಅಂಕಿಗಳು ಕಡುನೀಲಿ ಪೇಂಟಿನ ಮೇಲೆ ಕೆಲಸಕ್ಕೆ ಬಾರವು. ಬಣ್ಣದ ಜೊತೆ ಕಿತ್ತುಹೋದ ಸುರಕ್ಷತಾ ಎಚ್ಚರಿಕೆಯ ಸ್ಟಿಕರುಗಳನ್ನೂ ತರಿಸಿ ಅಂಟಿಸಬೇಕಾಗುತ್ತದೆ.

ಇದಕ್ಕೆ ಎದುರಾಗಿ ಹೇಳಬಹುದಾದ ಒಂದು ಮಾತಿನಲ್ಲಿ ಹುರುಳಿದೆ. ಇಂದು ಗಿರಾಕಿ ಮೊದಲು ನೋಡುವುದು ಫೋಟೊ. ಮಂಕಾದ ವಾಹನದ ಜಾಹೀರಾತನ್ನು ತೆರೆಯದೆಯೇ ಮುಂದೆ ಹೋಗುತ್ತಾನೆ. ಬಿಸಿಲಿಗೆ ಮುಚ್ಚಿಗೆ ಹಾಕದವರು ಎಂಜಿನ್ ಆಯಿಲನ್ನಾದರೂ ಹೊತ್ತಿಗೆ ಬದಲಿಸಿದ್ದಾರೆಯೇ ಎಂಬ ಅನುಮಾನವೂ ನ್ಯಾಯವಾದದ್ದೇ. ಅದಕ್ಕೆ ಮದ್ದು ತೊಳೆಯುವುದು, ಪಾಲಿಶ್, ವ್ಯಾಕ್ಸ್, ಹರಿದ ಸೀಟಿಗೆ ಹೊಸ ಕವರ್, ಎದ್ದ ಸ್ಟಿಕರಿಗೆ ಬದಲಿ. ಇವು ಇರುವುದನ್ನು ಚೊಕ್ಕಟ ಮಾಡುತ್ತವೆಯೇ ಹೊರತು ಏನನ್ನೂ ಮುಚ್ಚುವುದಿಲ್ಲ. ಗಾಜಿನ ಎಳೆ ಕಾಣುವಷ್ಟು ಆಳವಾದ ಗೀರನ್ನು ಮಾತ್ರ ತುಂಬಿಸಲೇಬೇಕು, ಇಲ್ಲವಾದರೆ ನೀರು ಒಳಗೆ ಇಳಿಯುತ್ತದೆ. ತುಂಬುವ ಮೊದಲು ಫೋಟೊ ತೆಗೆದಿಟ್ಟು ಕೊಳ್ಳುವವರಿಗೆ ತೋರಿಸಿದರೆ ಆ ತೇಪೆಯ ಬಗ್ಗೆ ಅನುಮಾನಕ್ಕೆ ಎಡೆಯಿರುವುದಿಲ್ಲ.

ಪೂರ್ತಿ ಪೇಂಟ್ ಸಲ್ಲುವ ಸಂದರ್ಭಗಳು ಇಲ್ಲದಿಲ್ಲ. ಕಾರ್ಖಾನೆಯ ಪೇಂಟೇ ಹಾಳೆಹಾಳೆಯಾಗಿ ಏಳುತ್ತಿದ್ದರೆ ಬೇರೆ ದಾರಿ ಇರುವುದಿಲ್ಲ. ಹಿಂದಿನ ಒಡೆಯರು ತಮ್ಮ ರುಚಿಗೆ ಬೆಂಕಿಯ ಜ್ವಾಲೆ ಬಿಡಿಸಿಟ್ಟಿದ್ದರೆ ಅದನ್ನು ಸಾದಾ ಮಾಡುವುದು ಗಿರಾಕಿಗಳ ಸಂಖ್ಯೆ ಹೆಚ್ಚಿಸಬಹುದು. ಹಳೆಯ ಕಾಲದ ನಿಂತು ಓಡಿಸುವ ಮಾದರಿಗಳನ್ನು ಹುಡುಕಿ ಕೊಳ್ಳುವ ಹವ್ಯಾಸಿಗಳಿದ್ದಾರೆ. ಅವರಿಗೆ ಬೇಕಾದದ್ದು ಮೊದಲಿನದೇ ಬಣ್ಣ, ಮೊದಲಿನದೇ ಸ್ಟಿಕರ್, ಮನಸ್ಸಿಗೆ ಬಂದ ಬಣ್ಣವಲ್ಲ. ಬಣ್ಣದ ಕೆಲಸವೇ ಖುಷಿ ಕೊಡುವವರು ತಮ್ಮ ದುಡಿಮೆಗೆ ಬೆಲೆ ಕಟ್ಟದೆ ಮಾಡಿಕೊಳ್ಳಲಿ, ಅದನ್ನು ಲಾಭ ಎನ್ನದಿದ್ದರೆ ಸಾಕು.

ಉಳಿದವರು ಆ ಸಾವಿರ ಡಾಲರಿನಲ್ಲಿ ಒಂದು ಪಾಲನ್ನಷ್ಟೇ ಎತ್ತಿಕೊಂಡು ಹೊಸ ಬ್ಯಾಟರಿ ಹಾಕಿಸಲಿ, ಪಂಪಿನೊಳಗೆ ಸವೆದ ವೇರ್ ರಿಂಗ್ ಬದಲಾಯಿಸಲಿ, ಸಿಲಿಂಡರುಗಳ ಕಂಪ್ರೆಷನ್ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಲಿ, ಸರ್ವಿಸ್ ಬಿಲ್ಲುಗಳನ್ನು ಒಂದೆಡೆ ಕೂಡಿಸಲಿ. ಕೊಳ್ಳಲು ಬಂದವರ ಎದುರೇ ವಾಹನವನ್ನು ನೀರಿಗಿಳಿಸಿ ಓಡಿಸಿ ತೋರಿಸಲಿ. ಕೆಟ್ಟ ಎಂಜಿನ್ ಇಟ್ಟುಕೊಂಡವರು ಈ ಕೊನೆಯ ಕೆಲಸಕ್ಕೆ ಒಪ್ಪುವುದಿಲ್ಲ.