ಚಪ್ಪಾಳೆಯ ಪಾಠ

ಪ್ರಿಯ ವಿದ್ಯಾರ್ಥಿಗಳೇ, ಬಂಧುಗಳೇ,

ಕಳೆದ ಚಳಿಗಾಲದಲ್ಲಿ ಮಗಳು, ಅಳಿಯಂದಿರೊಡನೆ ತಮಿಳುನಾಡಿನ ಕೋಡಿಕ್ಕರೈಗೆ ಹೋಗಿ ಬಂದೆ. ಭೂಪಟದಲ್ಲಿ ಇದನ್ನು ‘ಪಾಯಿಂಟ್ ಕ್ಯಾಲಿಮೇರ್’ ಎಂದು ನಿಮಗೆ ತೋರಿಸಿದ್ದ ನೆನಪು. ತಲಕಾವೇರಿಯಲ್ಲಿ ಹುಟ್ಟಿದ ನಮ್ಮ ಕಾವೇರಿ ಕವಲೊಡೆದು, ಮೆಕ್ಕಲು ಮಣ್ಣನ್ನು ಹರಡಿ ನಿರ್ಮಿಸಿದ ನದೀಮುಖಜಭೂಮಿಯ ದಕ್ಷಿಣದ ಅಂಚು ಅದು. 1967ರಲ್ಲಿ ವನ್ಯಜೀವಿಧಾಮವಾಯಿತು, 2002ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು.

ಅಲ್ಲಿ ಆಳವಿಲ್ಲದ ನೀರಿನಲ್ಲಿ ರಾಜಹಂಸಗಳ ಹಿಂಡೊಂದು ಕೊಕ್ಕನ್ನು ತಲೆಕೆಳಗಾಗಿಸಿ ಕೆಸರು ಸೋಸುತ್ತಿತ್ತು. ಅಷ್ಟರಲ್ಲಿ ಪ್ರವಾಸಿಗರ ಗುಂಪೊಂದು ಬಂದಿತು. ಒಬ್ಬ ಯುವಕ ಕ್ಯಾಮೆರಾ ಸಿದ್ಧಪಡಿಸಿಕೊಂಡ. ಉಳಿದವರು ಕೂಗಿ ಚಪ್ಪಾಳೆ ತಟ್ಟಿದರು. ಹಿಂಡು ನೀರಿನ ಮೇಲೆ ಓಡುತ್ತ ಓಡುತ್ತ ಮೇಲೆದ್ದಿತು. ರೆಕ್ಕೆಗಳ ಕೆಂಪು, ಕಪ್ಪು ಬಿಸಿಲಿಗೆ ತೆರೆದುಕೊಂಡವು. ನೋಟ ಸುಂದರವಾಗಿತ್ತೆಂಬುದನ್ನು ಅಲ್ಲಗಳೆಯಲಾರೆ.

ಅವರನ್ನು ಗದರಿಸಬೇಕೆಂದು ಬಾಯಿ ತೆರೆದವನು ಹಾಗೆಯೇ ಸುಮ್ಮನಾದೆ. ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು: ರಂಗನತಿಟ್ಟಿನ ಶಾಲಾ ಪ್ರವಾಸದಲ್ಲಿ, ದೋಣಿಯಲ್ಲಿ ಕುಳಿತು, “ಎಲ್ಲರೂ ಒಟ್ಟಿಗೆ ಚಪ್ಪಾಳೆ ತಟ್ಟಿ” ಎಂದವನು ನಾನೇ. “ಬ್ಯಾಡಿ ಮೇಷ್ಟ್ರೇ, ಗೂಡಲ್ಲಿ ಮರಿ ಅವೆ” ಎಂದು ದೋಣಿಯವನು ತಡೆದ. ನಾನು ನಕ್ಕುಬಿಟ್ಟೆ. ನೀವು ತಟ್ಟಿದಿರಿ.

ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಮರಿಗಳು ಸುಡುಬಿಸಿಲಿಗೆ ಬೀಳುತ್ತವೆ, ಮೊಟ್ಟೆಗಳು ಕಾಗೆಯ ಪಾಲಾಗುತ್ತವೆ. ಕೋಡಿಕ್ಕರೈಯಲ್ಲಿ ನಷ್ಟ ಬೇರೆ ಬಗೆಯದು. ಸೈಬೀರಿಯಾದಷ್ಟು ದೂರದಿಂದ ಬರುವ ಸಣ್ಣ ಗದ್ದೆಗೊರವಗಳು ಅಲ್ಲಿನ ಕೆಸರಿನಲ್ಲಿ ಹುಳುಗಳನ್ನು ಹೆಕ್ಕಿ ತಿಂದು, ಮರುಪಯಣಕ್ಕೆ ಬೇಕಾದ ಕೊಬ್ಬನ್ನು ಮೈಯಲ್ಲಿ ಕೂಡಿಡಬೇಕು. ಸುಮ್ಮಸುಮ್ಮನೆ ಎಬ್ಬಿಸಿದ ಪ್ರತಿ ಸಲವೂ ಆ ಗಂಟಿನಿಂದ ಅಷ್ಟು ಕರಗುತ್ತದೆ. ಉಣ್ಣುವ ಹೊತ್ತೂ ಹೋಗುತ್ತದೆ. ಒಂದು ಗುಂಪಿನ ಚೇಷ್ಟೆ ಸಣ್ಣದೆನಿಸಬಹುದು. ದಿನವಿಡೀ ಗುಂಪಿನ ಮೇಲೆ ಗುಂಪು ಬಂದರೆ?

ಹಾಗೆಂದು ಪ್ರವಾಸೋದ್ಯಮವೇ ಬೇಡವೆನ್ನುವವನಲ್ಲ ನಾನು. ಕಣ್ಣಾರೆ ಕಾಣದ ಹಕ್ಕಿಗಾಗಿ ಯಾರ ಮನಸ್ಸೂ ಮರುಗುವುದಿಲ್ಲ. ಸ್ಥಳೀಯ ಮಾರ್ಗದರ್ಶಿಗೂ ದೋಣಿಯವನಿಗೂ ನಾಲ್ಕು ಕಾಸು ದೊರೆತರೆ ಹಕ್ಕಿಯನ್ನು ಕಾಯುವವರೂ ಹೆಚ್ಚುತ್ತಾರೆ. ಆದರೆ ಅವರಿಗೆ ನಾವು ಹಣ ಕೊಡುವುದು ಅವರ ತಿಳಿವಳಿಕೆಗಾಗಿರಬೇಕು. “ಇನ್ನೂ ಹತ್ತಿರಕ್ಕೆ ಒಯ್ಯಿ” ಎಂದು ಪೀಡಿಸುವ ಹಕ್ಕಿಗಾಗಿ ಅಲ್ಲ. ಕಾವೇರಿ ಕೊಳ್ಳದವರೇ ಆದ ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನ ಜನ ತಮ್ಮ ಮನೆಯಂಗಳದ ಮರಗಳನ್ನೇ ಹೆಜ್ಜಾರ್ಲೆಗಳಿಗೆ ಬಿಟ್ಟುಕೊಟ್ಟಿದ್ದಾರೆ. ಅವರಿಗೆ ಇದನ್ನು ಯಾವ ಬಿ.ಎಡ್. ಪದವೀಧರನೂ ಕಲಿಸಲಿಲ್ಲ.

ಇಂದು ನಿಮ್ಮಲ್ಲಿ ಹಲವರು ತಂದೆತಾಯಿಗಳಾಗಿದ್ದೀರಿ, ಕೆಲವರು ಶಿಕ್ಷಕರೂ ಆಗಿದ್ದೀರಿ. ಮಕ್ಕಳನ್ನು ಹಕ್ಕಿ ನೋಡಲು ಕರೆದೊಯ್ದಾಗ ಒಂದೇ ನಿಯಮ ಹೇಳಿಕೊಡಿ: ಮೇಯುತ್ತಿರುವ ಹಕ್ಕಿ ತಲೆಯೆತ್ತಿ ನೋಡಿದರೆ ಅಲ್ಲಿಯೇ ನಿಲ್ಲಬೇಕು, ಅದು ಮತ್ತೆ ತಲೆ ತಗ್ಗಿಸುವವರೆಗೆ ಹೆಜ್ಜೆಯಿಡಬಾರದು. ದೋಣಿಯವನು ಬೇಡವೆಂದರೆ ಅವನ ಮಾತು ಕೇಳಬೇಕು.

ಅಂದು ನಾನು ಕಲಿಸಿದ ಚಪ್ಪಾಳೆಯ ಪಾಠ ತಪ್ಪು. ಅದನ್ನು ಇಂದು ಹಿಂದಕ್ಕೆ ಪಡೆಯುತ್ತಿದ್ದೇನೆ.

ಇಂತು ನಿಮ್ಮ
ಮೇಷ್ಟ್ರು