ಗಿಟಾರಿಗೆ ದುಬಾರಿ ಪಿಕಪ್ ಹಾಕಿಸಿದರೆ ವೇದಿಕೆಯ ಸದ್ದು ಸರಿಯಾಗುತ್ತದೆಯೇ?

ವಾಟ್ಸ್ಆ್ಯಪ್‌ನ ಸಂಗೀತದ ಗುಂಪುಗಳಲ್ಲಿ ಇರುವವರಿಗೆ ಇಂಥ ಮಾತುಗಳು ಹೊಸತಲ್ಲ. "ಪೀಜೋ ಪಿಕಪ್ ಬೇಡ, ಪ್ಲಾಸ್ಟಿಕ್ ತಟ್ಟಿದ ಹಾಗೆ ಕೇಳಿಸುತ್ತದೆ." "ಒಳ್ಳೆಯ ಕಂಪನಿಯ ಪಿಕಪ್ ಹಾಕಿಸಿದರೆ ಫೀಡ್‌ಬ್ಯಾಕ್ ಬರುವುದೇ ಇಲ್ಲ." "ಸ್ಪೀಕರಿನಲ್ಲಿ ಗುಂಯ್ ಅಂತ ಬಂದರೆ ಪ್ಲಗ್ಗಿನ ದೊಡ್ಡ ಪಿನ್ ತೆಗೆದುಬಿಡಿ, ನಿಲ್ಲುತ್ತದೆ." ಇವುಗಳಲ್ಲಿ ಮೊದಲನೆಯದು ಅರ್ಧ ನಿಜ. ಎರಡನೆಯದು ಸುಳ್ಳು. ಮೂರನೆಯದನ್ನು ನಂಬಿದರೆ ಪ್ರಾಣವೇ ಹೋಗಬಹುದು.

ಮಂಗಳೂರಿನಲ್ಲಿ ಇದು ನಾಲ್ಕಾರು ಹವ್ಯಾಸಿಗಳ ಪ್ರಶ್ನೆಯಲ್ಲ. ಇಲ್ಲಿ ಗಿಟಾರ್ ಚರ್ಚಿನ ಗಾಯನ ಮಂಡಳಿಯಲ್ಲಿದೆ, ಮದುವೆಯ ಹಿಂದಿನ ರಾತ್ರಿಯ ರೋಸ್‌ನಲ್ಲಿದೆ, ಕಾಲೇಜ್ ಡೇಯಲ್ಲಿದೆ. 'ಕೊಂಕಣ್ ಕೋಗುಳ್' ಎಂದೇ ಹೆಸರಾದ ವಿಲ್ಫಿ ರೆಬಿಂಬಸ್ ಅವರ ಸಂಗೀತ ರಾತ್ರಿಗಳನ್ನು ಕೇಳಿ ಬೆಳೆದ ಊರು ಇದು. ಶಕ್ತಿನಗರದ ಕಲಾಂಗಣದಲ್ಲಿ 2008ರ ಜನವರಿಯಲ್ಲಿ ಮಾಂಡ್ ಸೊಭಾಣ್ ಸಂಸ್ಥೆ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಗಿನ್ನೆಸ್ ದಾಖಲೆ ಮಾಡಿತ್ತು. ಇಂಥ ಊರಿನಲ್ಲಿ ಮನೆಯಲ್ಲಿ ನುಡಿಸುತ್ತಿದ್ದ ಮರದ ಗಿಟಾರನ್ನು ಒಂದಲ್ಲ ಒಂದು ದಿನ ವೇದಿಕೆಗೆ ಒಯ್ಯುವ ಸಂದರ್ಭ ಬಂದೇ ಬರುತ್ತದೆ.

ನಮ್ಮ ಬಳಗದ ಒಬ್ಬರಿಗೂ ಬಂತು. ಗೆಳೆಯನ ರೋಸ್‌ಗೆಂದು, ಇದ್ದ ಗಿಟಾರಿಗೆ ಅದರ ಬೆಲೆಗಿಂತ ಹೆಚ್ಚು ಖರ್ಚು ಮಾಡಿ ಪಿಕಪ್ ಕೂರಿಸಿಕೊಂಡು ಹೋದರು. ಸೌಂಡ್ಸ್‌ನವರು ಕೇಬಲನ್ನು ನೇರವಾಗಿ ಮಿಕ್ಸರಿಗೆ ಚುಚ್ಚಿದರು. ಕೇಳಿಸಿದ್ದು ತಗಡಿನ ಡಬ್ಬಕ್ಕೆ ರಬ್ಬರ್ ಬ್ಯಾಂಡ್ ಕಟ್ಟಿ ಮೀಟಿದಂಥ ಶಬ್ದ. ವಾಲ್ಯೂಮ್ ಏರಿಸಿದಾಗ ಗಿಟಾರ್ ಊಳಿಡತೊಡಗಿತು. ಕೊನೆಗೆ ಹಾಡುಗಾರನ ಪಕ್ಕ ಇದ್ದ ಇನ್ನೊಂದು ಮೈಕನ್ನು ಗಿಟಾರಿನ ಮುಂದೆ ಬಗ್ಗಿಸಿಟ್ಟು ರಾತ್ರಿ ಕಳೆದರು. ಪಿಕಪ್‌ನಲ್ಲಿ ದೋಷವಿರಲಿಲ್ಲ. ದೋಷ ಎಲ್ಲಿತ್ತು ಎಂಬುದೇ ಈ ಬರಹ.

ಪಿಕಪ್‌ಗೆ ಕಿವಿ ಇಲ್ಲ

ಗಿಟಾರಿನ ಮುಂದೆ ಕುಳಿತಾಗ ನಾವು ಕೇಳುವುದು ತಂತಿಯ ಸದ್ದನ್ನಲ್ಲ. ತಂತಿ ಬ್ರಿಡ್ಜನ್ನು ಅಲುಗಿಸುತ್ತದೆ, ಬ್ರಿಡ್ಜ್ ಮೇಲಿನ ಹಲಗೆಯನ್ನು ಅಲುಗಿಸುತ್ತದೆ, ಹಲಗೆಯೂ ಒಳಗಿನ ಗಾಳಿಯೂ ಸೇರಿ ಕೋಣೆಯ ಗಾಳಿಯನ್ನು ಅಲುಗಿಸುತ್ತವೆ. ಅದು ನಮ್ಮ ಕಿವಿಗೆ ಬರುತ್ತದೆ. ಈ ದಾರಿಯನ್ನು ಪೂರ್ತಿ ಹಿಡಿಯುವುದು ಹೊರಗೆ ನಿಲ್ಲಿಸಿದ ಮೈಕ್ ಮಾತ್ರ. ಪಿಕಪ್ ಎಂಬುದು ಈ ದಾರಿಯ ಯಾವುದೋ ಒಂದು ತಿರುವಿನಲ್ಲಿ ಕುಳಿತು ಅಲ್ಲಿ ಸಿಕ್ಕಿದ್ದನ್ನಷ್ಟೇ ವಿದ್ಯುತ್ತಾಗಿ ಬದಲಿಸುತ್ತದೆ. ಎಲ್ಲಿ ಕುಳಿತಿದೆ ಎಂಬುದರ ಮೇಲೆ ಅದರ ದನಿ ನಿಂತಿದೆ. ಬೆಲೆಯದು ಆಮೇಲಿನ ಮಾತು.

ಸೌಂಡ್‌ಹೋಲಿಗೆ ಅಡ್ಡಲಾಗಿ ಸಿಕ್ಕಿಸುವ ಮ್ಯಾಗ್ನೆಟಿಕ್ ಪಿಕಪ್ ತಂತಿಯನ್ನೇ ನೇರವಾಗಿ ಹಿಡಿಯುತ್ತದೆ. ಅಯಸ್ಕಾಂತದ ಮುಂದೆ ಉಕ್ಕಿನ ತಂತಿ ಕಂಪಿಸಿದಾಗ ಪಕ್ಕದ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹಲಗೆಯ ಕಂಪನ ಇದಕ್ಕೆ ಹೆಚ್ಚು ತಿಳಿಯದು. ಹಾಗಾಗಿ ದನಿ ಸ್ವಲ್ಪ ಎಲೆಕ್ಟ್ರಿಕ್ ಗಿಟಾರಿನ ಕಡೆ ವಾಲುತ್ತದೆ. ಆದರೆ ಅದೇ ಕಾರಣಕ್ಕೆ ಗದ್ದಲದ ವೇದಿಕೆಯಲ್ಲಿ ಬೇಗ ಊಳಿಡುವುದಿಲ್ಲ. ನೈಲಾನ್ ತಂತಿಯ ಗಿಟಾರಿಗೆ ಇದನ್ನು ಹಾಕಿಸಿದರೆ ಏನೂ ಕೇಳಿಸುವುದಿಲ್ಲ. ನೈಲಾನನ್ನು ಅಯಸ್ಕಾಂತ ಗುರುತಿಸದು. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರಿಸುವ ಮೊದಲು ತಂತಿ ಯಾವುದೆಂದು ನೋಡಿಕೊಳ್ಳಿ.

ಎರಡನೆಯದು ಪೀಜೋ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ ಬರುತ್ತದೆ ಎಂದು 1880ರಲ್ಲಿ ಕ್ಯೂರಿ ಸೋದರರು ತೋರಿಸಿದ್ದರು. ಗ್ಯಾಸ್ ಒಲೆಯ ಲೈಟರಿನಲ್ಲಿ ಟಕ್ ಎಂದು ಕಿಡಿ ಹಾರಿಸುವುದೂ ಇದೇ ಗುಣ. ಗಿಟಾರಿನಲ್ಲಿ ಇದನ್ನು ತೆಳುವಾದ ಪಟ್ಟಿಯಾಗಿ ಸ್ಯಾಡಲ್ಲಿನ ಕೆಳಗೆ ಇಡುತ್ತಾರೆ. ಅಂಗಡಿಯಿಂದಲೇ ಪಿಕಪ್ ಸಮೇತ ಬರುವ ಗಿಟಾರುಗಳಲ್ಲಿ ಹೆಚ್ಚಿನವು ಇಂಥವೇ. ತಂತಿಯ ಪೂರ್ತಿ ಒತ್ತಡ ಬೀಳುವ ಜಾಗ ಅದು. ಬೆರಳು ಮೀಟಿದ ಮೊದಲ ಕ್ಷಣದ ಹೊಡೆತ ಹಲಗೆಯಲ್ಲಿ ಮೆತ್ತಗಾಗುವ ಮೊದಲೇ ಇಲ್ಲಿ ಸಿಕ್ಕಿಬಿಡುತ್ತದೆ. ಜೋರಾಗಿ ಸ್ಟ್ರಮ್ ಮಾಡಿದಾಗ ಕೇಳುವ ಆ 'ಪ್ಲಾಸ್ಟಿಕ್' ದನಿಗೆ ಇದೊಂದು ಕಾರಣ. ಮೆಲ್ಲಗೆ ಬೆರಳಲ್ಲಿ ನುಡಿಸುವವರಿಗೆ ಅದು ಅಷ್ಟಾಗಿ ಕಾಡುವುದಿಲ್ಲ.

ಪೀಜೋವನ್ನೇ ಬಿಲ್ಲೆಗಳಾಗಿ ಮಾಡಿ ಬ್ರಿಡ್ಜಿನ ಅಡಿಯಲ್ಲಿ, ಹಲಗೆಯ ಒಳಮೈಗೆ ಅಂಟಿಸುವುದೂ ಉಂಟು. ಆಗ ತಂತಿಯ ಜೊತೆ ಮರದ ದನಿಯೂ ಬರುತ್ತದೆ. ಚರ್ಚಿನ ಒಳಗೆ, ಡ್ರಮ್ಸ್ ಇಲ್ಲದ ಕಡೆ, ಇದು ಬಹಳ ಹಿತವಾಗಿ ಕೇಳಿಸುತ್ತದೆ. ಆದರೆ ಹಲಗೆಯನ್ನು ಆಲಿಸುವ ಪಿಕಪ್ ಸ್ಪೀಕರಿನ ಸದ್ದಿಗೆ ಹಲಗೆ ನಡುಗುವುದನ್ನೂ ಆಲಿಸುತ್ತದಲ್ಲ! ಗದ್ದಲ ಹೆಚ್ಚಾದಂತೆ ಇದೇ ಮೊದಲು ಊಳಿಡುವುದು. ಗಿಟಾರಿನ ಹೊಟ್ಟೆಯೊಳಗೆ ಪುಟ್ಟ ಮೈಕ್ ಇಟ್ಟು ಪೀಜೋ ಜೊತೆ ಬೆರೆಸುವ ಜೋಡಿ ವ್ಯವಸ್ಥೆಗಳು ದುಬಾರಿ. ಜೋರು ವೇದಿಕೆಯಲ್ಲಿ ಆ ಮೈಕಿನ ಪಾಲನ್ನು ಸೊನ್ನೆಗೆ ಇಳಿಸಬೇಕಾಗುತ್ತದೆ. ಹೆಚ್ಚು ದುಡ್ಡು ಕೊಟ್ಟದ್ದು ಯಾವುದಕ್ಕೋ ಅದನ್ನೇ ಬಂದ್ ಮಾಡಿ ನುಡಿಸುವುದು.

ತಗಡಿನ ಡಬ್ಬದ ಗುಟ್ಟು

ರೋಸ್ ರಾತ್ರಿಯ ಆ ಶಬ್ದಕ್ಕೆ ಬರೋಣ. ಪೀಜೋ ವಿದ್ಯುತ್ತಿನ ಕಣ್ಣಿಗೆ ಒಂದು ಸಣ್ಣ ಕೆಪಾಸಿಟರ್. ಅದಕ್ಕೆ ಹೆಚ್ಚು ಕರೆಂಟ್ ಕೊಡುವ ಶಕ್ತಿ ಇಲ್ಲ. ಅದನ್ನು ಚುಚ್ಚುವ ಸಾಧನ ತನ್ನತ್ತ ಎಷ್ಟು ಕಡಿಮೆ ಎಳೆದುಕೊಳ್ಳುತ್ತದೋ ಅಷ್ಟು ಒಳ್ಳೆಯದು. ಈ ಅಳತೆಗೆ ಇನ್‌ಪುಟ್ ಇಂಪಿಡೆನ್ಸ್ ಎನ್ನುತ್ತಾರೆ. ಮಿಕ್ಸರಿನ ಸಾಮಾನ್ಯ ಲೈನ್ ಇನ್‌ಪುಟ್ಟಿನಲ್ಲಿ ಅದು 10 ಸಾವಿರ ಓಮ್‌ನ ಆಸುಪಾಸಿನಲ್ಲಿರುತ್ತದೆ. ಪೀಜೋಗೆ ಬೇಕಾದದ್ದು ಕನಿಷ್ಠ 10 ಲಕ್ಷ ಓಮ್, ಅಂದರೆ 1 ಮೆಗಾಓಮ್.

ಲೆಕ್ಕ ಹಾಕಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. 20 ನ್ಯಾನೊಫ್ಯಾರಡ್‌ನ ಪೀಜೋ ಬಿಲ್ಲೆಯನ್ನು 10 ಸಾವಿರ ಓಮ್‌ಗೆ ಚುಚ್ಚಿದರೆ ಸುಮಾರು 800 ಹರ್ಟ್ಜ್‌ಗಿಂತ ಕೆಳಗಿನದ್ದೆಲ್ಲ ಸೋರಿಹೋಗತೊಡಗುತ್ತದೆ. ಗಿಟಾರಿನ ದಪ್ಪ ತಂತಿಯ ಸ್ವರ ಇರುವುದು 82 ಹರ್ಟ್ಜ್‌ನಲ್ಲಿ, ಅತಿ ತೆಳುವಿನದು 330ರಲ್ಲಿ. ಬಿಡಿ ತಂತಿಗಳ ಆರೂ ಸ್ವರಗಳು ಆ ಗೆರೆಯ ಕೆಳಗೇ ಇವೆ! ಉಳಿದು ಕೇಳುವುದು ಮೇಲಿನ ಕಿಣಿಕಿಣಿ ಮಾತ್ರ. ಅದೇ ಬಿಲ್ಲೆಯನ್ನು 1 ಮೆಗಾಓಮ್‌ಗೆ ಚುಚ್ಚಿದರೆ ಗೆರೆ 8 ಹರ್ಟ್ಜ್‌ಗೆ ಇಳಿಯುತ್ತದೆ. ಸ್ಯಾಡಲ್ಲಿನ ಕೆಳಗಿನ ಪಟ್ಟಿಯ ಕೆಪಾಸಿಟೆನ್ಸ್ ಬಿಲ್ಲೆಗಿಂತ ಇನ್ನೂ ಕಡಿಮೆ ಇರುವುದುಂಟು. ಆಗ ಪರಿಸ್ಥಿತಿ ಮತ್ತಷ್ಟು ಕೆಡುತ್ತದೆ. "ಪೀಜೋ ಎಂದರೆ ಕೆಟ್ಟ ಸದ್ದು" ಎಂಬ ಮಾತು ಇಷ್ಟೊಂದು ಹರಡಿರುವುದರ ಹಿಂದೆ ಇಂಥ ತಪ್ಪು ಜೋಡಣೆಯ ಪಾಲು ದೊಡ್ಡದು ಎಂಬುದು ನಮ್ಮ ಅನಿಸಿಕೆ.

ಪರಿಹಾರ ಸರಳ. ಗಿಟಾರಿನ ಪಕ್ಕದಲ್ಲಿ ಬ್ಯಾಟರಿ ಹಾಕುವ ಪೆಟ್ಟಿಗೆ ಇದ್ದರೆ ಅದೇ ಪ್ರಿಆ್ಯಂಪ್, ಅದು ಈ ಕೆಲಸವನ್ನು ಆಗಲೇ ಮಾಡುತ್ತಿರುತ್ತದೆ. ಬ್ಯಾಟರಿ ಬೇಡದ ಪಿಕಪ್ ಆಗಿದ್ದರೆ ಹೊರಗೊಂದು ಪ್ರಿಆ್ಯಂಪ್ ಅಥವಾ ಆ್ಯಕ್ಟಿವ್ ಡಿಐ ಬಾಕ್ಸ್ ಬೇಕು. ಡಿಐ ಬಾಕ್ಸ್ ಇನ್ನೊಂದು ಉಪಕಾರವನ್ನೂ ಮಾಡುತ್ತದೆ: ಮೈಕಿನ ಕೇಬಲಿನಲ್ಲಿಯೇ ಸಿಗ್ನಲ್ ಕಳಿಸುವುದರಿಂದ ವೇದಿಕೆಯಿಂದ ಮೈದಾನದ ಕೊನೆಯ ಮಿಕ್ಸರಿನವರೆಗೂ ಅದು ಕೆಡದೆ ಹೋಗುತ್ತದೆ. ಗಿಟಾರಿನ ಮಾಮೂಲಿ ಕೇಬಲ್ 5–6 ಮೀಟರ್ ದಾಟದಿರುವುದೇ ಒಳ್ಳೆಯದು. 10 ಸಾವಿರ ರೂಪಾಯಿ ಕೈಯಲ್ಲಿದ್ದರೆ ಅಷ್ಟನ್ನೂ ಪಿಕಪ್‌ಗೆ ಸುರಿಯುವ ಬದಲು ಒಂದು ಪಾಲನ್ನು ಡಿಐ ಬಾಕ್ಸಿಗೆ ತೆಗೆದಿಡಿ ಎನ್ನುತ್ತೇವೆ.

ಊಳಿಡುವುದಕ್ಕೆ ಕಾರಣ ವೇದಿಕೆ

ಸ್ಪೀಕರಿನಿಂದ ಬಂದ ಸದ್ದು ಗಿಟಾರನ್ನು ಅಲುಗಿಸಿ, ಪಿಕಪ್ ಅದನ್ನು ಮತ್ತೆ ಸ್ಪೀಕರಿಗೆ ಕಳಿಸಿ, ಸುತ್ತು ಸುತ್ತಾಗಿ ಬೆಳೆಯುವುದೇ ಫೀಡ್‌ಬ್ಯಾಕ್. ಗಿಟಾರಿನ ಒಳಗಿನ ಗಾಳಿಗೆ ತನ್ನದೇ ಒಂದು ಸ್ವರವಿದೆ. ಬಾಟಲಿಯ ಬಾಯಿಗೆ ಊದಿದರೆ ಹೂಂ ಎನ್ನುತ್ತದಲ್ಲ, ಹಾಗೆ. ಸಾಮಾನ್ಯ ಗಾತ್ರದ ಗಿಟಾರಿನಲ್ಲಿ ಅದು ಸುಮಾರು 100 ಹರ್ಟ್ಜ್‌ನಲ್ಲಿ ಸಿಗುತ್ತದೆ. ಊಳು ಹೆಚ್ಚಾಗಿ ಅಲ್ಲಿಯೇ ಹುಟ್ಟುತ್ತದೆ. ಸೌಂಡ್‌ಹೋಲಿಗೆ ರಬ್ಬರ್ ಮುಚ್ಚಳ ಹಾಕಿದರೆ ನಿಲ್ಲುವುದು ಈ ಕಾರಣಕ್ಕೆ. ಕೆಲವೇ ನೂರು ರೂಪಾಯಿಯ ವಸ್ತು, ಅನೇಕ ಸಲ ಸಾವಿರಾರು ರೂಪಾಯಿಯ ಪಿಕಪ್ ಮಾಡದ ಕೆಲಸ ಮಾಡುತ್ತದೆ. ಪ್ರಿಆ್ಯಂಪಿನಲ್ಲಿ 'ಫೇಸ್' ಎಂಬ ಗುಂಡಿ ಇದ್ದರೆ ಒತ್ತಿ ನೋಡಿ. ಆ ಸುತ್ತು ಕಡಿದುಹೋಗಬಹುದು. ಮಾನಿಟರ್ ಸ್ಪೀಕರ್ ನೇರವಾಗಿ ಗಿಟಾರಿನ ಹೊಟ್ಟೆಯನ್ನು ನೋಡದಂತೆ ಅರ್ಧ ಹೆಜ್ಜೆ ಸರಿದು ನಿಲ್ಲುವುದಕ್ಕೆ ಖರ್ಚೇ ಇಲ್ಲ.

ಹಾಗಾದರೆ ಯಾವುದನ್ನು ಹಾಕಿಸಬೇಕು? ನಿಮ್ಮ ಹಿಂದೆ ಡ್ರಮ್ಸ್, ಪಕ್ಕದಲ್ಲಿ ಬೇಸ್ ಗಿಟಾರ್, ಮುಂದೆ ಬಯಲು ಇದ್ದರೆ ಮ್ಯಾಗ್ನೆಟಿಕ್ ಅಥವಾ ಸ್ಯಾಡಲ್ಲಿನ ಕೆಳಗಿನ ಪೀಜೋ. ಗಾಯನ ಮಂಡಳಿ, ಕೀಬೋರ್ಡ್, ನಿಶ್ಶಬ್ದ ಸಭೆ ಇದ್ದರೆ ಹಲಗೆಗೆ ಅಂಟಿಸುವ ಬಿಲ್ಲೆ. ಒಬ್ಬರೇ ಕುಳಿತು ನುಡಿಸುವುದಾದರೆ ಒಂದು ಒಳ್ಳೆಯ ಮೈಕ್ ಸಾಕು, ಪಿಕಪ್ಪೇ ಬೇಡ. ಕುತ್ತಿಗೆ ದೇಹವನ್ನು ಸೇರುವ ಜಾಗಕ್ಕೆ ಗುರಿಯಿಟ್ಟು ಒಂದು ಗೇಣಿಗಿಂತ ದೂರ ಹೋಗದಂತೆ ಇಡಿ. ದೂರ ಅರ್ಧವಾದರೆ ಮೈಕಿಗೆ ಸಿಗುವ ಸದ್ದು ಸುಮಾರು 6 ಡೆಸಿಬೆಲ್ ಏರುತ್ತದೆ, ಮಿಕ್ಸರಿನಲ್ಲಿ ಅಷ್ಟು ಇಳಿಸಿಕೊಳ್ಳಬಹುದು.

"ಆದರೆ ಅಸಲಿ ಅಕೂಸ್ಟಿಕ್ ದನಿ ಮೈಕಿನಿಂದ ಮಾತ್ರ ಬರುವುದಲ್ಲವೇ?" ಎಂದು ಕೇಳುವವರಿದ್ದಾರೆ. 1993ರ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಚಿತ್ರೀಕರಿಸಿದ ನಿರ್ವಾಣ ತಂಡದ ಎಂಟಿವಿ 'ಅನ್‌ಪ್ಲಗ್ಡ್' ಕಾರ್ಯಕ್ರಮವನ್ನು ನೆನಪಿಸಿಕೊಳ್ಳಿ. ಹೆಸರು ಅನ್‌ಪ್ಲಗ್ಡ್. ಕರ್ಟ್ ಕೋಬೇನ್ ಕೈಯಲ್ಲಿದ್ದ ಮಾರ್ಟಿನ್ ಗಿಟಾರಿನ ಸೌಂಡ್‌ಹೋಲಿನಲ್ಲಿ ಮ್ಯಾಗ್ನೆಟಿಕ್ ಪಿಕಪ್ ಇತ್ತು, ಅದರ ಕೇಬಲ್ ಆ್ಯಂಪ್ಲಿಫೈಯರಿಗೂ ಹೋಗಿತ್ತು. ಆ ಗಿಟಾರ್ 2020ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. ಅದರ ದನಿ ನಕಲಿಯೆಂದು ಯಾರೂ ದೂರಿದ ಹಾಗಿಲ್ಲ.

ಆ ದೊಡ್ಡ ಪಿನ್

ಈಗ ಮೂರನೇ ಸಂದೇಶ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಮೇಲಿರುವ ದಪ್ಪ ಪಿನ್ ಅರ್ಥಿಂಗಿನದು. ಅದನ್ನು ಮುರಿದರೆ ಗುಂಯ್ ಎಂಬ ಸದ್ದು ಕೆಲವೊಮ್ಮೆ ನಿಜಕ್ಕೂ ನಿಲ್ಲುತ್ತದೆ. ಸಂದೇಶ ಹರಡುವುದು ಅದಕ್ಕೇ. ಎರಡು ಉಪಕರಣಗಳು ಬೇರೆಬೇರೆ ದಾರಿಯಲ್ಲಿ ಭೂಮಿಗೆ ಸೇರಿ ಒಂದು ಸುತ್ತು ಆದಾಗ ಆ ಸದ್ದು ಬರುತ್ತದೆ, ಪಿನ್ ತೆಗೆದಾಗ ಸುತ್ತು ಕಡಿಯುತ್ತದೆ. ಜೊತೆಗೆ ನಿಮ್ಮನ್ನು ಕಾಯುತ್ತಿದ್ದ ದಾರಿಯೂ ಕಡಿಯುತ್ತದೆ. ಆಮೇಲೆ ಒಳಗೆಲ್ಲೋ ಒಂದು ತಂತಿ ಸಡಿಲಾಗಿ ಕವಚಕ್ಕೆ ತಾಗಿದರೆ 230 ವೋಲ್ಟ್ ಕೇಬಲಿನ ಮೂಲಕ ಗಿಟಾರಿನ ಲೋಹದ ಭಾಗಕ್ಕೆ ಬಂದು ಕೂರಬಹುದು. ಒಂದು ಕೈ ಅದರ ಮೇಲೆ, ತುಟಿ ಮೈಕಿಗೆ ತಾಗಿದೆ ಎಂದುಕೊಳ್ಳಿ. ಕರೆಂಟಿನ ದಾರಿ ಎದೆಯ ಮೂಲಕ.

ಇದು ಹೆದರಿಸಲು ಹೇಳುವ ಕತೆಯಲ್ಲ. 1972ರ ಮೇ 3ರಂದು ವೇಲ್ಸ್‌ನ ಸ್ವಾನ್ಸಿಯಲ್ಲಿ 'ಸ್ಟೋನ್ ದ ಕ್ರೋಸ್' ತಂಡದ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯಲ್ಲೇ ಸತ್ತರು. ಅವರು ಮುಟ್ಟಿದ ಮೈಕಿಗೆ ಸರಿಯಾದ ಅರ್ಥಿಂಗ್ ಇರಲಿಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶಾಮಿಯಾನದಿಂದ ನೀರು ತೊಟ್ಟಿಕ್ಕುತ್ತಿರುತ್ತದೆ, ನೆಲ ಹಸಿಯಾಗಿರುತ್ತದೆ, ಚಪ್ಪಲಿ ಬಿಟ್ಟು ವೇದಿಕೆ ಹತ್ತುವ ರೂಢಿಯೂ ಇದೆ. ಗುಂಯ್ ಸದ್ದು ಬಂದರೆ ಡಿಐ ಬಾಕ್ಸಿನ 'ಗ್ರೌಂಡ್ ಲಿಫ್ಟ್' ಗುಂಡಿ ಒತ್ತಿ. ಅದು ಸಿಗ್ನಲ್ ಕೇಬಲಿನ ಸುತ್ತನ್ನು ಮಾತ್ರ ಕಡಿಯುತ್ತದೆ, ಕರೆಂಟಿನ ಅರ್ಥಿಂಗನ್ನು ಮುಟ್ಟುವುದಿಲ್ಲ. ವೇದಿಕೆಯ ಎಲ್ಲ ಉಪಕರಣಗಳಿಗೂ ಒಂದೇ ಕಡೆಯಿಂದ ಕರೆಂಟ್ ತೆಗೆಯಲು ಹೇಳಿ. ಆ ಲೈನಿಗೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇದೆಯೇ ಎಂದು ಸೌಂಡ್ಸ್‌ನವರನ್ನು ಕೇಳಿ. ಮೈಕ್ ಮುಟ್ಟಿದಾಗ ಜುಮ್ಮೆಂದರೆ ನುಡಿಸುವುದನ್ನು ನಿಲ್ಲಿಸಿ. "ಸ್ವಲ್ಪ ಹಾಗೇ ಇರ್ತದೆ ಮಾರಾಯ್ರೆ" ಎಂದು ಯಾರಾದರೂ ಸಮಾಧಾನ ಹೇಳಿದರೂ ನಿಲ್ಲಿಸಿ.

ಮಳೆಗಾಲ ಪಿಕಪ್‌ಗೂ ತೊಂದರೆ ಕೊಡುತ್ತದೆ. ಗಿಟಾರಿನ ಮರಕ್ಕೆ ಹಿತವಾದದ್ದು 45ರಿಂದ 55 ಶೇಕಡಾ ತೇವಾಂಶ. ಜುಲೈಯ ಮಂಗಳೂರಿನಲ್ಲಿ ಅದು ಎಲ್ಲಿ ಸಿಗಬೇಕು! ತೇವ ಕುಡಿದ ಹಲಗೆ ಉಬ್ಬಿದಾಗ ಸ್ಯಾಡಲ್ ಪೀಜೋ ಮೇಲೆ ಸಮನಾಗಿ ಕೂರದೆ ಒಂದು ತಂತಿ ಜೋರು, ಒಂದು ಮೆಲು ಆಗಬಹುದು. ಪಿಕಪ್ ಕೆಟ್ಟಿತೆಂದು ಹೊಸತು ಕೊಳ್ಳುವ ಮೊದಲು ರಿಪೇರಿಯವರಿಗೆ ತೋರಿಸಿ ಸ್ಯಾಡಲ್ಲಿನ ತಳ ಸಮ ಮಾಡಿಸಿ. ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೇಸಿನಲ್ಲಿಡಿ. ಬ್ಯಾಟರಿಯ ತುದಿಗಳಲ್ಲಿ ಹಸಿರು ಕಿಲುಬು ಹಿಡಿದಿದೆಯೇ ಎಂದು ತಿಂಗಳಿಗೊಮ್ಮೆ ತೆರೆದು ನೋಡಿ.

ಇನ್ನೊಂದು ಮಾತು, ಇದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ. ಪ್ರಿಆ್ಯಂಪ್ ಇರುವ ಹೆಚ್ಚಿನ ಗಿಟಾರುಗಳಿಗೆ ಬೇರೆ ಸ್ವಿಚ್ ಇಲ್ಲ, ಕೇಬಲ್ ಚುಚ್ಚಿದರೆ ಬ್ಯಾಟರಿ ಆನ್ ಆಗುತ್ತದೆ, ತೆಗೆದರೆ ಆಫ್. ಸಂಜೆ ಸೌಂಡ್ ಚೆಕ್ ಮುಗಿಸಿ ಕೇಬಲ್ ಹಾಗೇ ಬಿಟ್ಟು ಊಟಕ್ಕೆ ಹೋಗುವ ಅಭ್ಯಾಸವಿದ್ದರೆ ಬ್ಯಾಟರಿ ಸುಮ್ಮನೆ ಸೋರುತ್ತಲೇ ಇರುತ್ತದೆ. ಅದು ಸೊರಗಿದಾಗ ಮೊದಲು ದನಿ ಒಡೆಯುತ್ತದೆ, ಆಮೇಲೆ ನಿಂತೇಹೋಗುತ್ತದೆ. ರಾತ್ರಿ ಹತ್ತು ಗಂಟೆಗೆ 9 ವೋಲ್ಟಿನ ಚೌಕ ಬ್ಯಾಟರಿ ಹುಡುಕಿಕೊಂಡು ಹಂಪನಕಟ್ಟೆಗೆ ಓಡುವುದಕ್ಕಿಂತ ಒಂದನ್ನು ಕೇಸಿನ ಜೇಬಿನಲ್ಲಿ ಇಟ್ಟುಕೊಳ್ಳಿ.