ಗೃಹಿಣಿಯ ವಸ್ತುವಿವೇಕ: ಗುಡ್ಡ ಏರುವ ಸ್ತ್ರೀಯರಿಗೆ ಊರುಗೋಲು

ಮಳೆಗಾಲ ಕಳೆದು ಬಾನು ತಿಳಿಯಾದ ಕೂಡಲೆ ಮಲೆನಾಡಿನ ಮನೆಗಳಿಗೆ ನೆಂಟರಿಷ್ಟರು ಬರುವ ಕಾಲವು ಒದಗುವುದು. ಮೂಡಿಗೆರೆಯ ಕಡೆಯ ತೋಟದ ಮನೆಗಳಿಗೆ ಅತಿಥಿಗಳು ಬಂದರೆಂದರೆ ದೇವರಮನೆಯ ಗುಡ್ಡಕ್ಕೆ ಒಂದು ಪಯಣವು ಇದ್ದೇ ಇರುವುದು. ಬುತ್ತಿ ಕಟ್ಟಿಕೊಂಡು ಹೊರಟು, ಕಾಲಭೈರವೇಶ್ವರನ ಗುಡಿಯಲ್ಲಿ ಕೈಮುಗಿದು, ಕೆರೆಯ ದಂಡೆಯಲ್ಲಿ ಸ್ವಲ್ಪ ಹೊತ್ತು ಕುಳಿತು, ಬಳಿಕ ಎಲ್ಲರೂ ಹುಲ್ಲುಗಾವಲಿನ ಏರನ್ನು ಹತ್ತತೊಡಗುವರು. ಆದರೆ ಮುಂಜಾನೆ ಎಲ್ಲರಿಗಿಂತ ಮೊದಲೆದ್ದು ಆ ಬುತ್ತಿಯನ್ನು ಸಿದ್ಧಪಡಿಸಿದ ಮನೆಯೊಡತಿಯು ಮಾತ್ರ, "ನೀವೆಲ್ಲ ಹೋಗಿಬನ್ನಿ, ನಾನು ಇಲ್ಲೇ ಚೀಲ ನೋಡಿಕೊಂಡು ಕೂತಿರುತ್ತೇನೆ" ಎಂದು ಹಿಂದೆ ನಿಂತುಬಿಡುವಳು. ಹತ್ತುವುದಕ್ಕೆ ಅವಳಿಗೆ ಶಕ್ತಿಯಿಲ್ಲವೆಂದಲ್ಲ, ಇಳಿಯುವುದಕ್ಕೆ ಧೈರ್ಯವಿಲ್ಲ.

ಈ ಅಧೈರ್ಯಕ್ಕೆ ಕಾರಣವಿಲ್ಲದೆ ಇಲ್ಲ. ಮಳೆಗಾಲದಲ್ಲಿ ಅಲ್ಲಿನ ಕೆಮ್ಮಣ್ಣು ಎಣ್ಣೆ ಸವರಿದಂತೆ ಜಾರುವುದು. ಬೇಸಗೆಯಲ್ಲಿ ಒಣಗಿ ಮಲಗಿದ ಹುಲ್ಲೂ ಅಷ್ಟೇ ಜಾರುವುದು. ಇಳಿಜಾರಿನಲ್ಲಿ ದೇಹದ ಭಾರವೆಲ್ಲ ಮಂಡಿಗಳ ಮೇಲೆ ಬೀಳುವುದು. ಮುಟ್ಟು ನಿಂತ ಮೇಲೆ ಹೆಂಗಸರ ಎಲುಬುಗಳಲ್ಲಿ ಸಾಂದ್ರತೆಯು ಕಡಮೆಯಾಗುತ್ತ ಹೋಗುವುದರಿಂದ, ಬೀಳುವಾಗ ಕೈಯೂರಿದರೆ ಮಣಿಕಟ್ಟು ಮುರಿಯುವ ಭಯವೂ ಹೆಚ್ಚು. ಮನೆಯೊಡತಿಯ ಮಣಿಕಟ್ಟು ಮುರಿದರೆ ಮನೆಯ ನಡೆಯೇ ನಿಂತಂತಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ಪರಿಹಾರವು ಅಷ್ಟೇನೂ ದುರ್ಲಭವಾದುದಲ್ಲ. ಅವಳ ಅಳತೆಗೆ ಸರಿಯಾದ ಒಂದು ಕೋಲು, ಸಾಧ್ಯವಾದರೆ ಎರಡು ಕೋಲು. ಆದರೆ ಕೋಲೆಂದೊಡನೆ, "ನನಗೇನು ಮುಪ್ಪು ಬಂದಿತೆ?" ಎಂಬ ಸಂಕೋಚವು ಅಡ್ಡಬರುವುದು. ಈ ಸಂಕೋಚವನ್ನು ಕಳೆಯುವುದಕ್ಕೂ ಕೋಲನ್ನು ಆರಿಸುವ ಬಗೆಯನ್ನು ತಿಳಿಯುವುದಕ್ಕೂ ಒಂದು ನಿಮಿಷ ಹಿಮದ ನಾಡಿನ ಕಡೆಗೆ ತಿರುಗಿ ನೋಡುವುದು ಒಳ್ಳೆಯದು.

ಹಿಮದ ನಾಡಿನ ಪಾಠ

ಹಿಮ ಬೀಳುವ ಸೀಮೆಗಳಲ್ಲಿ ಸ್ಕೀ ಎಂಬ ಎರಡು ಉದ್ದನೆಯ ಹಲಗೆಗಳನ್ನು ಪಾದರಕ್ಷೆಗಳಿಗೆ ಬಿಗಿದುಕೊಂಡು ಜಾರುವ ವಿನೋದವುಂಟು. ನಮ್ಮ ದೇಶದಲ್ಲಿಯೂ ಕಾಶ್ಮೀರದ ಗುಲ್ಮಾರ್ಗ್ ಮತ್ತು ಉತ್ತರಾಖಂಡದ ಔಲಿಗಳಲ್ಲಿ ಇದನ್ನು ಕಲಿಸುವರು. ಎಲ್ಲ ಬಗೆಯ ಹಿಮದ ಮೇಲೂ ಒದಗುವಂತೆ ಸ್ತ್ರೀಯರಿಗಾಗಿಯೇ ಮಾಡಿದ ಹಲಗೆಗಳು ಅಂಗಡಿಗಳಲ್ಲಿ ದೊರೆಯುವುವು. ಅವನ್ನು ಕೊಳ್ಳುವ ಹೆಂಗಸು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುವಳು. ಇದು ನನ್ನನ್ನು ಸ್ಥಿರವಾಗಿ ನಿಲ್ಲಿಸುವುದೆ? ಇದರ ಉದ್ದವು ನನಗೆ ಸರಿಹೋಗುವುದೆ? ಇದರ ಮೇಲೆ ನಿಂತರೆ ನನಗೆ ಉಲ್ಲಾಸವಾಗುವುದೆ?

ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ. ಹಲಗೆಯನ್ನು ನೆಟ್ಟಗೆ ನಿಲ್ಲಿಸಿದರೆ ಅದು ಸಾಮಾನ್ಯವಾಗಿ ಗಲ್ಲಕ್ಕೂ ನೆತ್ತಿಗೂ ನಡುವೆ ಬರಬೇಕು. ಉದ್ದವಾದುದು ವೇಗದಲ್ಲಿ ಅಲುಗದೆ ನಿಲ್ಲುವುದು, ಆದರೆ ತಿರುಗಿಸಲು ಬಲ ಬೇಕು. ಗಿಡ್ಡನೆಯದು ಸುಲಭವಾಗಿ ತಿರುಗುವುದು, ಆದರೆ ವೇಗ ಹೆಚ್ಚಿದರೆ ನಡುಗುವುದು. ಅಗಲವಾದುದು ಮೆತ್ತನೆಯ ಹಿಮದಲ್ಲಿ ತೇಲುವುದು. ಕಿರಿದಾದುದು ಗಟ್ಟಿ ಹಿಮದಲ್ಲಿ ಚುರುಕಾಗಿ ಹೊರಳುವುದು. ಸ್ತ್ರೀಯರ ಹಲಗೆಗಳನ್ನು ಸಾಮಾನ್ಯವಾಗಿ ಹಗುರವಾಗಿಯೂ ಗಿಡ್ಡವಾಗಿಯೂ ಮಾಡುವರು. ಆದರೂ ಎತ್ತರವೂ ಬಲವೂ ಉಳ್ಳ ಹೆಂಗಸು ಗಂಡಸರ ಹಲಗೆಯನ್ನೇ ಕೊಂಡರೆ ತಪ್ಪೇನೂ ಇಲ್ಲ. ಮೇಲೆ ಅಂಟಿಸಿದ ಚೀಟಿಯಾಗಲಿ ಬಳಿದ ಬಣ್ಣವಾಗಲಿ ಅಳತೆಯಲ್ಲ. ಅವಳ ಮೈಯೂ ಅವಳು ಕಾಲಿಡುವ ನೆಲವೂ ಅಳತೆ. ದೇವರಮನೆಯಲ್ಲಿ ಹಿಮ ಬೀಳುವುದಿಲ್ಲವಾದರೂ ಈ ಮಾತು ನಮ್ಮ ಊರುಗೋಲಿಗೂ ಅಷ್ಟೇ ಸಲ್ಲುವುದು.

ಇನ್ನು ಸಂಕೋಚದ ಮಾತು. ಸ್ಕೀ ಆಡುವವರು ಎರಡೂ ಕೈಗಳಲ್ಲಿ ಕೋಲು ಹಿಡಿದೇ ಆಡುವರು. ಹತ್ತೊಂಬತ್ತನೆಯ ಶತಮಾನದಲ್ಲಿ ಅನೇಕರು ಒಂದೇ ನೀಳವಾದ ಕೋಲನ್ನು ಬಳಸುತ್ತಿದ್ದರು; ಎರಡು ಕೋಲುಗಳ ರೂಢಿಯು ಬಳಿಕ ನೆಲೆಯೂರಿತು. ನಮ್ಮ ನೆರೆಯ ಕೊಡಗಿನ ತೆಕ್ಕಡ ಭವಾನಿ ನಂಜುಂಡ ಅವರು 2025ರಲ್ಲಿ ಚಿಲಿ ದೇಶದ ಕೊರ‍್ರಾಲ್ಕೊದಲ್ಲಿ ನಡೆದ ಸ್ತ್ರೀಯರ 5 ಕಿಲೋಮೀಟರ್ ಸ್ಪರ್ಧೆಯಲ್ಲಿ ಕಂಚಿನ ಪದಕವನ್ನು ಪಡೆದರು. ಅವರ ಆಟವು ಇಳಿಜಾರಿನಲ್ಲಿ ಸುಮ್ಮನೆ ಜಾರುವುದಲ್ಲ. ಏರನ್ನೂ ಬಯಲನ್ನೂ ತೋಳುಗಳ ಬಲದಿಂದ, ಎರಡು ಕೋಲುಗಳನ್ನು ಊರಿ ಊರಿ ದಾಟುವಂಥದು. ಕಾಫಿ ಬೆಳೆಯುವ ಸೀಮೆಯ ತರುಣಿಯೊಬ್ಬಳು ಜೋಡಿ ಕೋಲು ಹಿಡಿದು ದೇಶಕ್ಕೆ ಕೀರ್ತಿ ತಂದಿರುವಾಗ, ಕೋಲು ಮುಪ್ಪಿನ ಗುರುತೆಂದು ನಾಚುವುದು ಯಾತಕ್ಕೆ?

ಮೊದಲನೆಯದು: ಸ್ಥಿರತೆ

ನಮ್ಮ ಮನೆಗಳಲ್ಲಿ ದೊರೆಯುವ ಕೋಲುಗಳನ್ನೂ ಪೇಟೆಯಲ್ಲಿ ದೊರೆಯುವ ಕೋಲುಗಳನ್ನೂ ಹೋಲಿಸಿ ನೋಡೋಣ.

ಬೆತ್ತವು ಹಗುರ, ನೋಡಲು ಚೆಲುವು. ಆದರೆ ತೆಳುವಾದ ಬೆತ್ತವು ಭಾರ ಬಿದ್ದರೆ ಬಾಗುವುದರಿಂದ ಇಳಿಜಾರಿಗೆ ಅದು ಹೇಳಿದ್ದಲ್ಲ. ಬಿದಿರಿನಲ್ಲಿ ಬುಡದ ಕಡೆಯ ಗಟ್ಟಿ ಭಾಗವು ಬಹಳ ಮೇಲು. ಹಗುರವೂ ಹೌದು, ಗಟ್ಟಿಯೂ ಹೌದು. ಎಳೆಯ ಬಿದಿರನ್ನು ಕಡಿದರೆ ಅದು ಒಣಗಿ ಸುಕ್ಕಾಗಿ ಸೀಳುವುದು, ಹುಳವೂ ಬೇಗ ಹಿಡಿಯುವುದು. ಆದುದರಿಂದ ಮೂರು ವರ್ಷಕ್ಕೆ ಮೀರಿದ ಬಲಿತ ಬಿದಿರನ್ನೇ ಆರಿಸಿ, ನೆರಳಿನಲ್ಲಿ ಒಣಗಿಸಿ, ಒಲೆಯ ಹೊಗೆ ತಾಗುವ ಕಡೆ ಕೆಲವು ವಾರ ತೂಗುಹಾಕತಕ್ಕದ್ದು. ಹಳೆಯ ಕಾಫಿ ಗಿಡಗಳನ್ನು ಕಿತ್ತು ಹೊಸದನ್ನು ನೆಡುವಾಗ ದೊರೆಯುವ ನೆಟ್ಟನೆಯ ಕಾಂಡವೂ ಒಳ್ಳೆಯ ಕೋಲಾಗುವುದು. ಕಾಫಿ ಮರವು ಗಟ್ಟಿ, ನುಣುಪು. ಆದರೆ ಬಿದಿರಿಗಿಂತ ತೂಕ. ಈ ಯಾವುದನ್ನಾದರೂ ಸ್ವಂತ ತೋಟದಿಂದಲೇ ತೆಗೆದುಕೊಳ್ಳಬೇಕಲ್ಲದೆ ಸರ್ಕಾರದ ಕಾಡಿಗೆ ಕತ್ತಿ ಹಾಕಕೂಡದು. ಮರದ ಕೋಲಿನ ತುದಿಗೆ ಕಬ್ಬಿಣದ ಅಣಸನ್ನು ಹೊಡೆಸಿದರೆ ತುದಿ ಸವೆಯದು, ಸೀಳದು, ಮಣ್ಣಿನಲ್ಲಿ ಚೆನ್ನಾಗಿ ನಾಟುವುದು.

ಪೇಟೆಯ ಕೋಲುಗಳಲ್ಲಿ ಎರಡು ಜಾತಿಗಳುಂಟು. ಅಲ್ಯುಮಿನಿಯಮಿನವು ಜೋಡಿಗೆ ಸುಮಾರು ಅರ್ಧ ಕಿಲೋಗ್ರಾಮ್ ತೂಗುವುವು. ಕಾರ್ಬನ್ ನಾರಿನವು ಅದಕ್ಕಿಂತ ಹಗುರ, ಬೆಲೆ ಹೆಚ್ಚು. ಬಂಡೆಗಳ ನಡುವೆ ಸಿಕ್ಕಿ ಅಡ್ಡ ಒತ್ತಡ ಬಿದ್ದರೆ ಅಲ್ಯುಮಿನಿಯಮ್ ಸಾಮಾನ್ಯವಾಗಿ ಬಾಗುವುದು, ಕಾರ್ಬನ್ ಮುರಿಯುವುದು. ಬಾಗಿದ ಕೋಲನ್ನು ಊರಿಕೊಂಡು ಹೇಗೋ ಮನೆ ಸೇರಬಹುದು. ಮುರಿದ ಕೋಲಿನಿಂದ ಆ ಉಪಕಾರವೂ ಇಲ್ಲ. ಆದುದರಿಂದ ಕುಟುಂಬದ ಬಳಕೆಗೆ ಅಲ್ಯುಮಿನಿಯಮೇ ಯೋಗ್ಯ.

ಒಂದರೊಳಗೊಂದು ಸರಿಯುವ ಈ ಕೋಲುಗಳನ್ನು ಬಿಗಿಯುವ ಬಗೆಯನ್ನು ಅವಶ್ಯವಾಗಿ ಪರೀಕ್ಷಿಸಬೇಕು. ತಿರುಚಿ ಬಿಗಿಯುವುದು ಒಂದು ಬಗೆ. ಹೊರಗಿನ ಚಿಕ್ಕ ಸನ್ನೆಯನ್ನು ಒತ್ತಿ ಬಿಗಿಯುವುದು ಇನ್ನೊಂದು. ನಮ್ಮ ಮಲೆನಾಡಿನ ನೀರು, ಕೆಸರು, ಒದ್ದೆ ಕೈಗಳಿಗೆ ಎರಡನೆಯದೇ ಅನುಕೂಲ; ಏತಕ್ಕೆಂದರೆ ಬಿಗಿಯಾಗಿದೆಯೊ ಇಲ್ಲವೊ ಎಂಬುದು ಅದರಲ್ಲಿ ಕಣ್ಣಿಗೆ ಕಾಣುವುದು. ಅಂಗಡಿಯಲ್ಲಿಯೇ ಕೋಲನ್ನು ಬಿಗಿದು, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ನೋಡತಕ್ಕದ್ದು. ಸ್ವಲ್ಪವಾದರೂ ಒಳಕ್ಕೆ ಜಾರಿದರೆ, ಬಿಗಿಯನ್ನು ಸರಿಪಡಿಸಿ ಮತ್ತೆ ನೋಡಿ; ಆಗಲೂ ಜಾರಿದರೆ ಅಂಗಡಿಯವನಿಗೇ ಹಿಂದಿರುಗಿಸಿರಿ.

ಕೋಲಿನಿಂದ ಮಂಡಿಗೆ ನಿಜವಾಗಿ ಹಿತವಾಗುವುದೆ ಎಂದು ಕೇಳುವವರುಂಟು. ಕಡಿದಾದ ಇಳಿಜಾರಿನಲ್ಲಿ ಜೋಡಿ ಕೋಲು ಹಿಡಿದು ಇಳಿಯುವವರನ್ನು ಅಳತೆಯ ಯಂತ್ರಗಳಿಂದ ಪರೀಕ್ಷಿಸಿ 1999ರಲ್ಲಿ ಪ್ರಕಟಿಸಿದ ಒಂದು ಶೋಧನೆಯಲ್ಲಿ, ಮಂಡಿಯ ಮೇಲೆ ಬೀಳುವ ಒತ್ತಡಗಳು ನೂರಕ್ಕೆ 12ರಿಂದ 25ರಷ್ಟು ಕಡಮೆಯಾದುದು ಕಂಡುಬಂದಿತು. ಸಾವಿರಾರು ಹೆಜ್ಜೆ ಇಳಿಯಬೇಕಾದಾಗ ಈ ಉಳಿತಾಯವು ಅಲ್ಪವಲ್ಲ. ಆದರೆ ಆಯಾಸವೂ ಇದರಿಂದ ಕಡಮೆಯಾದೀತೆಂದು ತಿಳಿಯಬಾರದು. ತೋಳುಗಳೂ ದುಡಿಯುವುದರಿಂದ ಒಟ್ಟು ಶ್ರಮವು ಕಡಮೆಯಾಗದು. ಕಾಲಿನ ಪಾಲಿನದು ಸ್ವಲ್ಪ ಕೈಗೆ ಹಂಚಿಹೋಗುವುದು, ಅಷ್ಟೆ.

ಎರಡನೆಯದು: ಉದ್ದ

ಹೆಚ್ಚಿನವರು ಎಡವುವುದು ಇಲ್ಲಿಯೇ. ಅಜ್ಜನ ಕೊಕ್ಕೆಯ ಕೋಲನ್ನು ಮೂಲೆಯಿಂದ ತೆಗೆದುಕೊಂಡು ಗುಡ್ಡಕ್ಕೆ ಹೊರಡುವವರುಂಟು. ಮನೆಯೊಳಗೆ, ಸಮನೆಲದಲ್ಲಿ ಊರುವ ಆ ಕೋಲು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಮಟ್ಟಕ್ಕೆ ಬರುವಂತೆ ಮಾಡಿದ್ದು. ಇಳಿಜಾರಿನಲ್ಲಿ ಮುಂದಿನ ನೆಲವು ಕೆಳಗಿರುವುದರಿಂದ ಅದು ಎಟುಕುವುದಿಲ್ಲ. ಎಟುಕಿಸಲು ಮುಂದಕ್ಕೆ ಬಾಗಬೇಕು. ಬಾಗಿದರೆ ಮುಗ್ಗರಿಸುವ ಭಯ. ಗುಡ್ಡದ ಕೋಲು ಹಾಗಲ್ಲ. ಅದನ್ನು ಪಾದದ ಬಳಿ ಊರಿ ಹಿಡಿಯನ್ನು ಹಿಡಿದಾಗ ಮೊಳಕೈ ಸರಿಯಾಗಿ ಮೂಲೆಮಟ್ಟಕ್ಕೆ ಮಡಿಚಿರಬೇಕು. ಸ್ಥೂಲವಾಗಿ ಹೇಳುವುದಾದರೆ, ತನ್ನ ಎತ್ತರದ ಮೂರರಲ್ಲಿ ಎರಡು ಪಾಲು. 150 ಸೆಂಟಿಮೀಟರ್ ಎತ್ತರದವಳಿಗೆ 100, 156ಕ್ಕೆ 104, 162ಕ್ಕೆ 108 ಸೆಂಟಿಮೀಟರ್.

ಇದಕ್ಕೆ ಮೇಲೆ ಏರುವಾಗ 5ರಿಂದ 10 ಸೆಂಟಿಮೀಟರ್ ಗಿಡ್ಡ ಮಾಡಿಕೊಳ್ಳುವುದು, ಇಳಿಯುವಾಗ ಅಷ್ಟೇ ಉದ್ದ ಮಾಡಿಕೊಳ್ಳುವುದು ಹಿತ. ಗುಡ್ಡದ ಮಗ್ಗುಲನ್ನು ಅಡ್ಡಲಾಗಿ ಬಳಸಿ ನಡೆಯುವಾಗ ಮೇಲ್ಗಡೆಯ ಕೈಯ ಕೋಲು ಗಿಡ್ಡವಾಗಿಯೂ ಕೆಳಗಡೆಯದು ಉದ್ದವಾಗಿಯೂ ಇರಬೇಕು. ಪೇಟೆಯ ಕೋಲಿನ ಮುಖ್ಯ ಗುಣವೇ ಇದು. ಒಂದೇ ಜೋಡಿ ಅತ್ತೆಗೂ ಸೊಸೆಗೂ, ಬೆಳೆಯುತ್ತಿರುವ ಮಗಳಿಗೂ ಒದಗುವುದು. ಉದ್ದ ಮಾಡುವಾಗ ಕೊಳವೆಯ ಮೇಲೆ ಬರೆದ ಕೊನೆಯ ಗೆರೆಯನ್ನು ಮಾತ್ರ ದಾಟಿಸಕೂಡದು. ಬಿದಿರು ಇಲ್ಲವೆ ಕಾಫಿ ಮರದ ಕೋಲನ್ನು ಹೀಗೆ ಹಿಗ್ಗಿಸಲಾಗದು. ಅದನ್ನು ಕಂಕುಳ ಮಟ್ಟಕ್ಕೆ ಉದ್ದವಾಗಿಯೇ ಕತ್ತರಿಸಿ, ಏರುವಾಗ ಕೆಳಗೂ ಇಳಿಯುವಾಗ ಮೇಲಕ್ಕೂ ಕೈ ಸರಿಸಿ ಹಿಡಿದರೆ ಅದೇ ಕೆಲಸ ಆಗುವುದು.

ಸ್ತ್ರೀಯರ ಕೋಲೆಂದು ಮಾರುವವುಗಳಲ್ಲಿ ಹಿಡಿಯು ಸಣ್ಣದಾಗಿಯೂ ಒಟ್ಟು ಉದ್ದವು ಕಡಮೆಯಾಗಿಯೂ ಇರುವುದು. ಸಣ್ಣ ಕೈಯವರಿಗೆ ಇದು ನಿಜವಾದ ಅನುಕೂಲ. ಏತಕ್ಕೆಂದರೆ ದಪ್ಪ ಹಿಡಿಯನ್ನು ಹಿಸುಕಿ ಹಿಡಿದು ಹಿಡಿದು ಮುಂಗೈ ಸೋಲುವುದು. ಕೈ ದೊಡ್ಡದಾಗಿರುವವಳು ಬರಿಯ ಬಣ್ಣಕ್ಕಾಗಿ ಅದನ್ನು ಕೊಳ್ಳಬೇಕಾದುದಿಲ್ಲ. ಹಿಡಿಯನ್ನು ಸುತ್ತಿದ ಬೆರಳುಗಳು ಹೆಬ್ಬೆರಳನ್ನು ಸುಖವಾಗಿ ಮುಟ್ಟಿದರೆ ಸರಿ.

ಮೂರನೆಯದು: ಉಲ್ಲಾಸ

ಸ್ಥಿರವೂ ಅಳತೆಗೆ ಸರಿಯೂ ಆದ ಕೋಲು ತಾನಾಗಿಯೇ ಉಲ್ಲಾಸವನ್ನು ಕೊಡುವುದು. ಕಣ್ಣು ಸದಾ ಕಾಲಬುಡವನ್ನೇ ಹುಡುಕುವುದು ತಪ್ಪುವುದು. ಎದುರಿನ ಗುಡ್ಡಸಾಲುಗಳನ್ನೂ, ಕಣಿವೆಯಿಂದ ಏರಿಬರುವ ಮಂಜನ್ನೂ ತಲೆಯೆತ್ತಿ ನೋಡುವ ಬಿಡುವು ದೊರೆಯುವುದು. ಆದರೆ ಹಿಡಿಯುವ ಕ್ರಮವನ್ನು ಕಲಿಯದಿದ್ದರೆ ಕೋಲೇ ಒಂದು ಹೊರೆ. ಕೈಪಟ್ಟಿಯೊಳಗೆ ಕೈಯನ್ನು ಕೆಳಗಿನಿಂದ ತೂರಿಸಿ, ಪಟ್ಟಿಯನ್ನೂ ಹಿಡಿಯನ್ನೂ ಕೂಡಿಸಿ ಹಿಡಿಯಬೇಕು. ಆಗ ಭಾರವು ಪಟ್ಟಿಯ ಮೇಲೆ ನಿಂತು ಬೆರಳುಗಳು ಸಡಿಲವಾಗಿರುವುವು. ಏರುವಾಗ ಕೋಲನ್ನು ಬಹಳ ಮುಂದೆ ಊರದೆ ಪಾದದ ಸಮೀಪ ಊರಿರಿ. ಇಳಿಯುವಾಗ ಮೊದಲು ಕೋಲು, ಬಳಿಕ ಕಾಲು.

ಒಂದು ಎಚ್ಚರಿಕೆ. ಸ್ಕೀ ಆಡುವವರು ಬೀಳುವಾಗ ಕೋಲು ಕೈಯಲ್ಲಿಯೇ ಉಳಿದು ಹೆಬ್ಬೆರಳನ್ನು ಹೊರಕ್ಕೆ ತಿರುಚಿ ಅದರ ಬುಡದ ನರಕಟ್ಟನ್ನು ಹರಿಯುವುದುಂಟು; ವೈದ್ಯರು ಈ ಗಾಯಕ್ಕೆ ಸ್ಕೀಗಾರರ ಹೆಬ್ಬೆರಳೆಂದೇ ಹೆಸರಿಟ್ಟಿರುವರು. ಆದುದರಿಂದ ಬಂಡೆಯ ಸಂದಿಗಳಲ್ಲಿಯೂ ತೀರ ಜಾರುವ ಇಳಿಜಾರಿನಲ್ಲಿಯೂ ಕೈಯನ್ನು ಪಟ್ಟಿಯಿಂದ ಬಿಡಿಸಿಕೊಂಡು ಇಳಿಯುವುದು ಲೇಸು. ಬಿದ್ದರೆ ಕೋಲು ಅತ್ತ ಹೋಗಲಿ, ಕೈ ಉಳಿಯಲಿ.

ಇನ್ನೆರಡು ಮಾತು. ಲೋಹದ ಮೊನೆಯು ಹುಲ್ಲಿನ ಬೇರನ್ನು ಸಡಿಲಿಸುವುದರಿಂದ ತುಳಿದ ದಾರಿಯಲ್ಲಿಯೇ ಕೋಲೂರಬೇಕು. ಗುಡಿಯ ಬಳಿಯ ಕಲ್ಲುಹಾಸಿನ ಮೇಲೆ ಮೊನೆಗೆ ರಬ್ಬರಿನ ಟೋಪಿಯನ್ನು ತೊಡಿಸಬೇಕು. ಮನೆಗೆ ಬಂದ ಮೇಲೆ ಕೋಲಿನ ತುಂಡುಗಳನ್ನು ಬಿಡಿಸಿ, ಒರಸಿ, ಗಾಳಿಗಿಟ್ಟು ಒಣಗಿಸತಕ್ಕದ್ದು. ಬಿಗಿಯುವ ಭಾಗಕ್ಕೆ ಎಣ್ಣೆ ಹಾಕಕೂಡದು. ಹಾಕಿದರೆ ಅದು ಹಿಡಿಯುವುದನ್ನೇ ಮರೆಯುವುದು.

ಯಾವುದನ್ನು ಕೊಳ್ಳುವುದು?

ವರ್ಷಕ್ಕೆ ಒಂದೆರಡು ಸಲ ಗುಡ್ಡ ಹತ್ತುವವರಿಗೆ ತೋಟದ ಬಲಿತ ಬಿದಿರು, ಕಂಕುಳ ಮಟ್ಟದ್ದು, ಅಣಸು ಹೊಡೆಸಿದ್ದು ಧಾರಾಳವಾಗಿ ಸಾಕು. ಮಂಡಿ ನೋವಿರುವವರಿಗೂ ಮೇಲಿಂದ ಮೇಲೆ ಹೋಗುವವರಿಗೂ ಅಲ್ಯುಮಿನಿಯಮಿನ ಜೋಡಿ, ಸನ್ನೆಯಿಂದ ಬಿಗಿಯುವಂಥದು. ಕಾರ್ಬನ್ನಿನದು ಹಲವು ದಿನ ಚೀಲ ಹೊತ್ತು ನಡೆಯುವವರಿಗಿರಲಿ. ಹಣವು ಒಂದಕ್ಕೇ ಸಾಲುವುದಾದರೆ ಮೊದಲು ಅಡಿ ಸವೆಯದ, ಜಾರದ ಪಾದರಕ್ಷೆ. ಕೋಲು ಬಿದಿರಿನದೇ ಇರಲಿ. ಮಂಡಿ ಊದಿಕೊಂಡಿರುವವರೂ, ನಡೆಯುವಾಗ ತಲೆ ಸುತ್ತುವವರೂ ಕೋಲನ್ನು ನಂಬಿ ಹೊರಡದೆ ವೈದ್ಯರ ಮಾತು ಕೇಳಿ ಹೊರಡತಕ್ಕದ್ದು.

ಮನೆಯ ಯಜಮಾನರಿಗೂ ಒಂದು ಮಾತು ಸಲ್ಲುತ್ತದೆ. ಹೊರಡುವ ಹಿಂದಿನ ದಿನವೇ ಮನೆಯ ಹೆಂಗಸರನ್ನು ಗೋಡೆಗೆ ನಿಲ್ಲಿಸಿ, ಮೊಳಕೈ ಮಡಿಸಿ, ಕೋಲಿನ ಅಳತೆ ತೆಗೆದುಕೊಳ್ಳಿರಿ. ಏರುವಾಗ ಅವರ ಹೆಜ್ಜೆಗೆ ನಿಮ್ಮ ಹೆಜ್ಜೆಯನ್ನು ಹೊಂದಿಸಿಕೊಳ್ಳಿರಿ. ಚೀಲ ಕಾಯುವುದಕ್ಕೆ ಸರದಿಯ ಮೇಲೆ ಯಾರಾದರೂ ಕುಳಿತುಕೊಳ್ಳಬಹುದು. ಬುತ್ತಿ ಕಟ್ಟಿದವಳೂ ಒಮ್ಮೆ ದೇವರಮನೆಯ ನೆತ್ತಿಯಿಂದ ತನ್ನ ತೋಟವಿರುವ ದಿಕ್ಕನ್ನು ನೋಡಿ ಬರಲಿ.